ಸರೋಜಮ್ಮನವರ ಬಲಸುತ್ತು

ಆಯಾಸದಲ್ಲಿ ಎರಡು ಬಗೆಯಿದೆ. ಕೆಲಸ ಮಾಡಿ ಆಗುವ ಆಯಾಸ ಒಂದು. ಅದಕ್ಕೆ ಊಟ, ನಿದ್ದೆ, ಭಾನುವಾರ ಎಂದು ನಾನಾ ಮದ್ದುಗಳಿವೆ. ಮಾಡುವ ಕೆಲಸ ಏನೆಂದು ಬೇರೆಯವರಿಗೆ ವಿವರಿಸಿ ಆಗುವ ಆಯಾಸ ಇನ್ನೊಂದು. ಇದಕ್ಕೆ ಮದ್ದಿಲ್ಲ, ಮತ್ತು ನನಗಿರುವುದು ಇದೇ. ಮೇಷ್ಟ್ರಾದವರು ‘ನಾನು ಮೇಷ್ಟ್ರು’ ಎಂದರೆ ಮಾತು ಮುಗಿಯಿತು. ಬ್ಯಾಂಕಿನವರಿಗೆ, ಬಸ್ ಕಂಡಕ್ಟರಿಗೆ, ಕಾಫಿ ಕ್ಯೂರಿಂಗ್ ವರ್ಕ್ಸಿನ ಗುಮಾಸ್ತರಿಗೆ, ಯಾರಿಗೂ ಈ ತಾಪತ್ರಯವಿಲ್ಲ. ನಾನು ಮಾತ್ರ ‘ಎರಡು ಅಕ್ಷದ ಕಂಟ್ರೋಲರಿಗೆ ಕಮಾನಿನ ದಾರಿ ಬರೆದುಕೊಡುತ್ತೇನೆ’ ಎಂದು ಹೇಳಿ, ಎದುರಿಗಿರುವವರ ಮುಖ ಮೆಲ್ಲಗೆ ಬಾಡುವುದನ್ನು ನೋಡುತ್ತ ನಿಲ್ಲಬೇಕು. ಹೆಣ್ಣು ನೋಡಲು ವಸ್ತಾರೆಗೆ ಹೋದಾಗ ಭಾವೀ ಮಾವನವರು ಇದನ್ನೇ ಕೇಳಿದರು. ನಾನು ಉತ್ಸಾಹದಲ್ಲಿ ಅವರ ಕಾಫಿ ಲೋಟದ ಬಾಯಿಯನ್ನೇ ತೋರಿಸಿ, ಕಾಫಿ ಆರುವ ತನಕ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಒಳಗೆ ಹೋಗಿ ಅತ್ತೆಯವರಿಗೆ, “ಹುಡುಗ ವೆಲ್ಡಿಂಗ್ ಶಾಪಲ್ಲಿದ್ದಾನೆ. ಮಾತು ಸ್ವಲ್ಪ ಜಾಸ್ತಿ. ಬೇರೆ ದುರಭ್ಯಾಸ ಇದ್ದಂಗೆ ಕಾಣಲ್ಲ” ಎಂದರಂತೆ. ಇದನ್ನು ನನ್ನ ಹೆಂಡತಿ ಮದುವೆಯಾದ ಮೇಲೆ ಹೇಳಿದಳು. ಈಗಲೂ ಯಾರಾದರೂ ಕೇಳಿದರೆ ಅವಳು ‘ಶಾಪಲ್ಲಿದ್ದಾರೆ’ ಎಂದು ಹೇಳಿ ಬೇರೆ ವಿಷಯ ತೆಗೆಯುತ್ತಾಳೆ.

ಶಾಪು ಸತ್ತಾರ್ ಸಾಹೇಬರದು. ಚಿಕ್ಕಮಗಳೂರಿನ ಅಂಗಡಿಸಾಲು ಮುಗಿಯುವಲ್ಲಿ, ರಸ್ತೆಗೆ ಮುಖಮಾಡಿರುವ ಒಂದು ದೊಡ್ಡ ತಗಡಿನ ಶೆಡ್ಡು. ಜೀಪಿನ ಚಾಸಿಗೆ ಬೆಸುಗೆ, ಎಸ್ಟೇಟುಗಳ ಗೇಟು, ಕಾಫಿ ಹಣ್ಣು ಸುಲಿಯುವ ಪಲ್ಪರುಗಳ ರಿಪೇರಿ, ಇವೆಲ್ಲ ಅಲ್ಲಿ ಸಾಹೇಬರ ತಂದೆಯ ಕಾಲದಿಂದ ನಡೆದುಕೊಂಡು ಬಂದಿದ್ದವು. ತೊಂಬತ್ತರ ದಶಕದ ಕೊನೆಗೆ ಕಾಫಿಗೆ ಒಳ್ಳೆಯ ಬೆಲೆಯಿತ್ತು. ಪ್ಲಾಂಟರುಗಳ ಕೈ ಧಾರಾಳವಾಗಿತ್ತು. ಆ ಹುರುಪಿನಲ್ಲಿ ಸಾಹೇಬರು ಬೆಂಗಳೂರಿಗೆ ಹೋಗಿ, ಮುಚ್ಚಿಹೋದ ಕಾರ್ಖಾನೆಯೊಂದರಿಂದ ಕಬ್ಬಿಣ ಕತ್ತರಿಸುವ ಯಂತ್ರವನ್ನು ಲಾರಿಗೆ ಹಾಕಿಸಿಕೊಂಡು ಬಂದರು. ಒಂದು ಉದ್ದನೆಯ ಟೇಬಲ್ಲು, ಅದರ ಮೇಲೆ ಕಂಬಿ, ಕಂಬಿಯ ಮೇಲೆ ಕಬ್ಬಿಣವನ್ನು ಬೆಂಕಿಯಲ್ಲಿ ಕೊಯ್ಯುವ ಗ್ಯಾಸಿನ ಟಾರ್ಚು, ಪಕ್ಕದಲ್ಲಿ ಹಸಿರು ಅಕ್ಷರ ಮೂಡುವ ಸಣ್ಣ ಪರದೆಯ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯೇ ಕಂಟ್ರೋಲರು. ಇಡೀ ಶಾಪಿನಲ್ಲಿ ಡಿಪ್ಲೊಮಾ ಓದಿದವನು ನಾನೊಬ್ಬನೇ ಆದ್ದರಿಂದ, “ಇದು ನಿಮ್ದು” ಎಂದು ಸಾಹೇಬರು ನನ್ನನ್ನು ಅದರ ಮುಂದೆ ನಿಲ್ಲಿಸಿದರು. ಡಿಪ್ಲೊಮಾದಲ್ಲಿ ಅದನ್ನು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಅದೂ ಕಪ್ಪುಬಿಳುಪಿನ ಚಿತ್ರ.

ಯಂತ್ರಕ್ಕೆ ಎರಡು ಮೋಟರು. ಒಂದು ಟಾರ್ಚನ್ನು ಉದ್ದಕ್ಕೆ ಒಯ್ಯುತ್ತದೆ, ಇನ್ನೊಂದು ಅಡ್ಡಕ್ಕೆ. ಎರಡಕ್ಕೂ ನೇರ ಹೋಗುವುದಲ್ಲದೆ ಬೇರೇನೂ ಗೊತ್ತಿಲ್ಲ. ಇಂಥ ಎರಡು ನೇರ ಸ್ವಭಾವದವರನ್ನು ಒಟ್ಟಿಗೆ ಓಡಿಸಿ ಗುಂಡಗಿರುವುದನ್ನು ಹುಟ್ಟಿಸುವುದೇ ನನ್ನ ಉದ್ಯೋಗ. ನೇರ ಗೆರೆ ಕತ್ತರಿಸಲು ಸಾಹೇಬರ ಕೈಟಾರ್ಚೇ ಸಾಕು. ಯಂತ್ರದ ಹತ್ತಿರ ಬರುವುದೆಲ್ಲ ಕಮಾನು, ಬಳುಕು, ಅರ್ಧಚಂದ್ರಗಳೇ. ಮೂಡಿಗೆರೆಗೆ ಹೋಗಲಿ, ಕಳಸಕ್ಕೆ ಹೋಗಲಿ, ತಿರುವಿಲ್ಲದ ರಸ್ತೆಯನ್ನೇ ಕಾಣದ ಜನ ನಾವು. ನಮ್ಮ ಬಸ್ ಡ್ರೈವರುಗಳು ಒಂದು ಕೈಯಲ್ಲಿ ಎಲೆಯಡಿಕೆ ಹಿಡಿದು, ಹಿಂದಿನ ಸೀಟಿನವರ ಜೊತೆ ಮಾತಾಡುತ್ತ ತಿರುವು ತಿರುಗಿಸುತ್ತಾರೆ. ನನ್ನ ಯಂತ್ರಕ್ಕೆ ಹಾಗಲ್ಲ. ಎಲ್ಲಿ ಮುಗಿಯಬೇಕು, ಸೆಂಟರ್ ಎಲ್ಲಿ, ಬಲಕ್ಕೆ ತಿರುಗಬೇಕೋ ಎಡಕ್ಕೋ, ಎಲ್ಲವನ್ನೂ ಹೇಳಬೇಕು. ಎಲ್ಲಿಂದ ಹೊರಡಬೇಕೆಂದು ಮಾತ್ರ ಅದು ಕೇಳುವುದಿಲ್ಲ. ತಾನು ನಿಂತಲ್ಲಿಂದ ಹೊರಡುತ್ತದೆ. ನನ್ನ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಮೇಲೆ ಒಂದು ಸಾಲು ಬರೆದು ಕೈಕಟ್ಟಿ ನಿಲ್ಲುತ್ತದೆ. ಆ ಸಾಲಿಗೆ ಅರ್ಥ ಹೇಳುವ ಪುಸ್ತಕ ಬೆಂಗಳೂರಿನಲ್ಲೇ ಉಳಿದಿತ್ತು.

ಮೊದಲ ತೊಂದರೆ ಸೆಂಟರಿನದು. ಕಮಾನು ಚಪ್ಪಟೆಯಾದಷ್ಟೂ ಅದರ ಸೆಂಟರು ದೂರ ಹೋಗುತ್ತದೆ. ಇದು ಗಣಿತ, ಇದರಲ್ಲಿ ನನ್ನ ಕೈವಾಡವಿಲ್ಲ. ಮೊದಲ ಗೇಟಿನ ಕಮಾನಿಗೆ ನಾನು ಲೆಕ್ಕ ಹಾಕುತ್ತಿದ್ದಾಗ ಸಾಹೇಬರು ಬಂದು ಸೆಂಟರ್ ಎಲ್ಲಿ ಬರುತ್ತೆ ಎಂದು ಕೇಳಿದರು.

“ಟೇಬಲಿನ ಹೊರಗೆ, ಸಾಹೇಬ್ರೆ. ಸುಮಾರು ನಿಮ್ಮ ಕುರ್ಚಿ ಹತ್ರ.”

“ನನ್ನ ಕುರ್ಚಿ ಹತ್ರ ಯಾಕೆ ಬರುತ್ತೆ ಮಾರಾಯ್ರೆ? ಕಬ್ಬಿಣ ಇರೋದು ಇಲ್ಲಿ.”

“ಅದು ಲೆಕ್ಕಕ್ಕೆ ಮಾತ್ರ. ಕಣ್ಣಿಗೆ ಕಾಣಲ್ಲ.”

ಸಾಹೇಬರು ಒಂದು ಗಳಿಗೆ ಯೋಚಿಸಿ, ಕುರ್ಚಿಯನ್ನು ಎತ್ತಿ ಗೋಡೆಯ ಪಕ್ಕ ಇಟ್ಟುಕೊಂಡರು. ಮುಂದಿನ ವಾರ ಇನ್ನೂ ಚಪ್ಪಟೆಯಾದ ಕಮಾನು ಬಂತು. ಅದರ ಸೆಂಟರು ರಸ್ತೆ ದಾಟಿ ಎದುರಿನ ಚಹಾದಂಗಡಿಯೊಳಗೆ ಬಿತ್ತು. “ಅಂಗಡಿಯವ್ರಿಗೆ ಒಂದು ಮಾತು ಹೇಳಿದ್ರಾ?” ಎಂದು ಸಾಹೇಬರು ಕೇಳಿದರು. ಅವರು ತಮಾಷೆ ಮಾಡುತ್ತಿದ್ದರೋ ನಿಜವಾಗಿ ಕೇಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಆದರೆ ಅವರು ಚಹಾ ಕುಡಿಯಲು ಹೋದಾಗ ವಿಷಯವನ್ನು ಅಲ್ಲಿ ಹೇಳಿದರು. ಮಾರನೆಯ ದಿನದಿಂದ ಅಂಗಡಿಯವರು ನನ್ನನ್ನು ಕಂಡಾಗಲೆಲ್ಲ, “ಇವತ್ತೂ ನಮ್ಮಲ್ಲಿದ್ಯಾ, ಬೇರೆ ಕಡೆ ಹೋಯ್ತಾ?” ಎಂದು ಕೇಳತೊಡಗಿದರು. ಎಷ್ಟು ದಿನ ಎಂದು ನಗಲಿ. ನನಗೆ ಸಾಕಾಗಿಹೋಯಿತು. ಸೆಂಟರ್ ಹೇಳುವ ಪದ್ಧತಿಯನ್ನೇ ಬಿಟ್ಟು ಕಂಟ್ರೋಲರಿನಲ್ಲಿದ್ದ ಇನ್ನೊಂದು ಪದ್ಧತಿಗೆ ಬಂದೆ. ಅದರಲ್ಲಿ ಕಮಾನು ಮುಗಿಯುವ ಜಾಗ ಹೇಳಿ, ಅದರ ತ್ರಿಜ್ಯ ಹೇಳಿದರೆ ಆಯಿತು. ಸೆಂಟರನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ, ಯಾರ ಹತ್ತಿರವೂ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ತಿರುಗುವ ಕಡೆ ಮಾತ್ರ. ಬಲಕ್ಕಾದರೆ ಎರಡು ಎಂಬ ಅಂಕಿ, ಎಡಕ್ಕಾದರೆ ಮೂರು. ಇಷ್ಟು ಸುಲಭವಾದದ್ದು ನನ್ನ ಜೀವನದಲ್ಲಿ ಬೇರೆ ಯಾವುದೂ ಇರಲಿಲ್ಲ, ಅಲ್ಲೇ ನಾನು ಎಚ್ಚರವಾಗಬೇಕಿತ್ತು.

ಸರೋಜಮ್ಮನವರು ಬಂದದ್ದು ಜನವರಿಯ ಒಂದು ಮಧ್ಯಾಹ್ನ. ಕಳಸದಾಚೆ ಅವರದು ಸಣ್ಣ ತೋಟ. ಯಜಮಾನರಿದ್ದಾರೆ, ಆದರೆ ಅವರಿಗೆ ತೋಟವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಆಸಕ್ತಿ; ಆದ್ದರಿಂದ ತೋಟ ನೋಡುವವರು ಸರೋಜಮ್ಮನವರೇ. ಹೆಗಲಿಗೆ ಚೀಲ, ಚೀಲದಲ್ಲಿ ಎರಡು ತುಂಡಾದ ಕಬ್ಬಿಣ. ಪಲ್ಪರಿನಲ್ಲಿ ಹಣ್ಣನ್ನು ಉಜ್ಜಿ ಸಿಪ್ಪೆ ಬಿಡಿಸುವ ಉರುಳೆಯೊಂದಿರುತ್ತದೆ. ಅದರ ಎದುರಿಗೆ, ಅದರ ದುಂಡನೆಯ ಮೈಗೆ ಸರಿಯಾಗಿ ಒಳಬಾಗಿದ ತಗಡು. ಆ ತಗಡನ್ನು ಹಿಂದಿನಿಂದ ಬಾಗಿಸಿ ಹಿಡಿದಿರುವುದು ಎರಡು ಬದಿಗೆ ಒಂದೇ ಅಳತೆಯ ಒಂದೊಂದು ದಪ್ಪ ಪಟ್ಟಿ. ನಾವು ಅದಕ್ಕೆ ಪಕ್ಕೆ ಎನ್ನುತ್ತೇವೆ. ಬೆಳಿಗ್ಗೆ ಹಣ್ಣಿನ ಜೊತೆ ಕಲ್ಲು ಹೋಗಿ ಒಂದು ಬದಿಯ ಪಕ್ಕೆ ಮುರಿದಿತ್ತು.

“ನಿನ್ನೆ ಕುಯ್ದಿದ್ದು ಪೂರ್ತಿ ಕಣದಲ್ಲಿ ರಾಶಿ ಬಿದ್ದಿದೆ” ಎಂದರು ಸರೋಜಮ್ಮ. “ರಾಶಿಯೊಳಗೆ ಕೈ ಹಾಕಿದ್ರೆ ಬೆಚ್ಚಗಾಗ್ತಾ ಉಂಟು. ನಾಳೆ ಬೆಳಿಗ್ಗೆ ಪಲ್ಪರ್ ತಿರುಗ್ಲಿಲ್ಲ ಅಂದ್ರೆ ಹುಳಿ ಬರುತ್ತೆ. ವರ್ಷದ ಒಳ್ಳೇ ಹಣ್ಣೆಲ್ಲ ಅದ್ರಲ್ಲೇ ಇರೋದು. ಸಾಯಂಕಾಲದ ಬಸ್ಸಿಗೆ ನಾನು ಇದನ್ನ ತಗೊಂಡು ಹೋಗ್ಬೇಕು.”

ಅಷ್ಟು ದಪ್ಪದ ಪ್ಲೇಟು ಶಾಪಿನಲ್ಲಿದ್ದದ್ದು ಒಂದೇ. ಇನ್ನು ಸ್ವಲ್ಪ ಹೊತ್ತಿಗೆ ಕರೆಂಟು ಹೋಗುವುದಿತ್ತು, ಹೋದರೆ ಬರುವುದು ಸಾಯಂಕಾಲ. ನಾನು ಊಟಕ್ಕೆ ಹೋಗದೆ ಮುರಿದ ತುಂಡುಗಳನ್ನು ಜೋಡಿಸಿ ಅಳತೆ ತೆಗೆದು, ಪ್ರೋಗ್ರಾಮ್ ಬರೆದೆ. ಪಕ್ಕೆಯ ಒಳಬಾಗು ಎಡದಿಂದ ಬಲಕ್ಕೆ ಹೋಗುವಾಗ ಎಡಸುತ್ತಿಗೆ ಬರುವಂತೆ ಬರೆದಿದ್ದೆ, ಅಂದರೆ ಮೂರು. ಬೆಂಕಿ ಹಚ್ಚುವ ಮೊದಲು ಟಾರ್ಚನ್ನು ಒಮ್ಮೆ ಸುಮ್ಮನೆ ಓಡಿಸಿ ನೋಡುವುದು ನಮ್ಮ ರೂಢಿ. ಸರೋಜಮ್ಮನವರು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಟಾರ್ಚು ಕಮಾನು ತಿರುಗುತ್ತಿದ್ದಂತೆ ಎದ್ದು ನಿಂತರು.

“ಇದು ಎಡಕ್ಕೆ ಸುತ್ತುತ್ತಲ್ಲ.”

“ಹೌದಮ್ಮ.”

“ಬೇಡಪ್ಪ. ಎಡಸುತ್ತು ಹಾಕೋದು ಸ್ಮಶಾನದಲ್ಲಿ. ಪಲ್ಪರಿಗೆ ಪೂಜೆ ಮಾಡಿ ಹಣ್ಣು ಹಾಕ್ತೀವಿ ನಾವು. ಬಲಕ್ಕೆ ಸುತ್ತಿಸಿ.”

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಬಹಳ ಮೆತ್ತಗೆ, “ಅಮ್ಮಾ, ನಮ್ಮಲ್ಲಿ ಹಜ್‌ಗೆ ಹೋದೋರು ಸುತ್ತೋದೇ ಎಡಕ್ಕೆ. ಅದ್ರಲ್ಲೇನೂ ದೋಷ ಇಲ್ಲ” ಎಂದರು.

“ನಿಮ್ದು ನಿಮ್ಗೆ ಸರಿ ಸಾಹೇಬ್ರೆ. ನಾನು ಬೇಡ ಅಂತೀನಾ? ಆದ್ರೆ ಪಲ್ಪರ್ ನಂದಲ್ವಾ?”

ಸಾಹೇಬರು ಇದನ್ನು ತೂಗಿ ನೋಡಿದರು. “ಅದೂ ಸರಿ. ಪಲ್ಪರ್ ಅವ್ರದ್ದು” ಎಂದು ನನ್ನ ಕಡೆ ತಿರುಗಿ, “ಬಲಕ್ಕೆ ಹಾಕಿ ಕೊಡಿ ಮಾರಾಯ್ರೆ. ನಿಮ್ಮ ಗಂಟೇನು ಹೋಗುತ್ತೆ” ಎಂದರು.

ಬಲಸುತ್ತಿನಲ್ಲೂ ಆ ಒಳಬಾಗನ್ನು ಕತ್ತರಿಸಬಹುದು. ಅದಕ್ಕೆ ಆ ತುದಿಯಿಂದ ಹೊರಟು ಈ ತುದಿಗೆ ಬರಬೇಕು, ಅಂದರೆ ಎಲ್ಲ ಸಾಲುಗಳನ್ನೂ ತಿರುವುಮುರುವಾಗಿ ಮತ್ತೆ ಬರೆಯಬೇಕು. ನನಗೆ ಹಸಿವಾಗಿತ್ತು. ಬಲಕ್ಕೂ ಎಡಕ್ಕೂ ಇರುವ ವ್ಯತ್ಯಾಸವನ್ನು ಇಬ್ಬರಿಗೂ ಕೂರಿಸಿ ವಿವರಿಸುವಷ್ಟು ತ್ರಾಣ ಉಳಿದಿರಲಿಲ್ಲ. ಹೊತ್ತು ಬೇರೆ ಓಡುತ್ತಿತ್ತು. ಒಂದೇ ಒಂದು ಅಂಕಿ ತಾನೇ ಎಂದು ಮೂರನ್ನು ಅಳಿಸಿ ಎರಡು ಒತ್ತಿದೆ, ಮತ್ತೊಮ್ಮೆ ಸುಮ್ಮನೆ ಓಡಿಸಿ ನೋಡುವ ರೂಢಿಯನ್ನು ಅವತ್ತಿನ ಮಟ್ಟಿಗೆ ಬಿಟ್ಟೆ. ಅದೇ ಎರಡು ತುದಿ, ಅದೇ ತ್ರಿಜ್ಯ, ತಿರುಗುವ ಕಡೆ ಮಾತ್ರ ಬೇರೆ. ಹೀಗೆ ಹೇಳಿದರೆ ಯಂತ್ರ ಏನು ಮಾಡುತ್ತದೆಂದು ಡಿಪ್ಲೊಮಾ ಓದದವರೂ ಊಹಿಸಬಹುದು. ಒಳಕ್ಕೆ ಬಾಗಬೇಕಾದ ಕಮಾನು ಹೊರಕ್ಕೆ ಉಬ್ಬಿತು. ಬಲಸುತ್ತಿನಲ್ಲಿ, ಬಹಳ ಅಚ್ಚುಕಟ್ಟಾಗಿ ಉಬ್ಬಿತು. ಸರೋಜಮ್ಮನವರು ಕೈಮುಗಿದು ನೋಡುತ್ತಿದ್ದರು. ಬೆಂಕಿ ಆರಿತು, ತುಂಡು ಕೆಳಗೆ ಬಿತ್ತು, ಅದರ ಹಿಂದೆಯೇ ಕರೆಂಟೂ ಹೋಯಿತು.

ಇಕ್ಕಳದಲ್ಲಿ ಅದನ್ನು ಎತ್ತಿದೆ. ಊಟ ಮುಗಿಸಿ ಒರಗಿದ ಮನುಷ್ಯನ ಹೊಟ್ಟೆಯಂತಿತ್ತು. ಒಳಬಾಗಿದ ತಗಡನ್ನು ಹಿಡಿಯಲು ಇದನ್ನು ಇಟ್ಟರೆ ಉರುಳೆಯೇ ತಿರುಗುವುದಿಲ್ಲ. ಇನ್ನೊಂದು ಪ್ಲೇಟಿಲ್ಲ, ಕರೆಂಟಿಲ್ಲ. ಸರೋಜಮ್ಮನವರು ಅದನ್ನು ನೋಡಿ, ಮುರಿದ ತಮ್ಮ ಹಳೆಯ ಪಕ್ಕೆಯನ್ನು ನೋಡಿ, ಸ್ಟೂಲಿನ ಮೇಲೆ ಕೂತರು. ಅವರು ಬೈದಿದ್ದರೆ ಚೆನ್ನಾಗಿತ್ತು. “ಈ ವರ್ಷದ್ದು ಹೋಯ್ತು ಹಂಗಾದ್ರೆ” ಎಂದು ತಮಗೇ ಹೇಳಿಕೊಂಡರು. ಕಣದಲ್ಲಿ ಬೆಚ್ಚಗಾಗುತ್ತಿರುವ ಆ ರಾಶಿಯೇ ನನ್ನ ಕಣ್ಣೆದುರು ಬಂತು.

ಸ್ವಲ್ಪ ಹೊತ್ತಾದ ಮೇಲೆ ಅವರು ಬಸ್ಸಿಗೆ ಹೊರಡಲೆಂದು ಎದ್ದು, ಹಳೆಯ ಎರಡು ತುಂಡುಗಳನ್ನು ಚೀಲಕ್ಕೆ ಹಾಕಲು ಟೇಬಲಿನ ಮೇಲಿಂದ ಎಳೆದರು. ಆ ತುಂಡುಗಳಲ್ಲೊಂದು ಜಾರಿ, ಟೇಬಲಿನ ಮೇಲೆ ಉಳಿದಿದ್ದ ಪ್ಲೇಟಿನ ಅಂಚಿನ ಮೇಲೆ ಹೋಗಿ ಕೂತಿತು. ಕೂತಿತು ಎಂದರೆ ಅದರ ಒಳಬಾಗು ಪ್ಲೇಟಿನಲ್ಲಿ ಹೊಸದಾಗಿ ಕೊಯ್ದ ಒಳಬಾಗಿನ ಮೇಲೆ, ಕೂದಲೆಳೆಯೂ ಆಚೀಚೆಯಾಗದಂತೆ. ಸಾಹೇಬರೂ ನಾನೂ ಒಟ್ಟಿಗೆ ಬಗ್ಗಿದೆವು. ಒಂದು ಗೆರೆ ಕೊಯ್ದರೆ ಎರಡು ಅಂಚು ಹುಟ್ಟುತ್ತವೆ. ಬಿದ್ದ ತುಂಡಿನಲ್ಲಿ ಉಬ್ಬಿದ್ದರೆ, ಉಳಿದ ಪ್ಲೇಟಿನಲ್ಲಿ ಅದೇ ತ್ರಿಜ್ಯದ ಬಾಗು ಇರಲೇಬೇಕು. ನಾವು ಗುಜರಿ ಎಂದು ಪಕ್ಕಕ್ಕೆ ತಳ್ಳಲಿದ್ದ ಆ ಉಳಿದ ಪ್ಲೇಟಿನಲ್ಲೇ ಸರೋಜಮ್ಮನವರ ಪಕ್ಕೆ ಇತ್ತು. ಕೈಟಾರ್ಚಿಗೆ ಕರೆಂಟು ಬೇಡ. ಪ್ಲೇಟು ಪೂರ್ತಿ ಆರಿದ ಮೇಲೆ ಸಾಹೇಬರು ಹಳೆಯದನ್ನು ಮೇಲಿಟ್ಟು ಸುಣ್ಣದ ಗೆರೆ ಎಳೆದು, ಸುತ್ತಲಿನ ಹೆಚ್ಚಿನದನ್ನು ಕತ್ತರಿಸಿದರು. ಬೋಲ್ಟಿನ ತೂತುಗಳನ್ನು ನಾನು ಕೈಡ್ರಿಲ್ಲಿನಲ್ಲಿ, ತೋಳು ಬಿದ್ದುಹೋಗುವ ತನಕ ತಿರುವಿ ಕೊರೆದೆ. ಸಾಯಂಕಾಲದ ಬಸ್ಸು ಶಾಪಿನ ಮುಂದೆ ಬಂದಾಗ ಸಾಹೇಬರೇ ರಸ್ತೆಗೆ ಹೋಗಿ ಕೈ ಅಡ್ಡ ಹಾಕಿ ನಿಲ್ಲಿಸಿದರು.

ಮರುದಿನ ಫೋನು ಬಂತು. ಪಲ್ಪರ್ ತಿರುಗಿದೆ, ಒಂದು ಬೀಜವನ್ನೂ ಕಚ್ಚಿ ಗಾಯ ಮಾಡಿಲ್ಲ, ಹಿಂದೆಂದೂ ಹೀಗೆ ಓಡಿರಲಿಲ್ಲ. “ಬಲಕ್ಕೆ ಸುತ್ತಿಸಿದ್ದಕ್ಕೇ ಅದು” ಎಂದರು ಸರೋಜಮ್ಮ. ನಾನು ವಿವರಿಸಲು ಹೋಗಲಿಲ್ಲ. ಹಣ್ಣು ಉಳಿದಿತ್ತಲ್ಲ, ಸಾಕು. ಆದರೆ ಸರೋಜಮ್ಮನವರು ಅಷ್ಟಕ್ಕೇ ಸುಮ್ಮನಿರಲಿಲ್ಲ. ಕಳಸದ ಸಂತೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಆಮೇಲೆ ಆ ಕಡೆಯಿಂದ ಬಂದವರೆಲ್ಲ ಟೇಬಲಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, “ಬಲಸುತ್ತೇ ತಾನೆ?” ಎಂದು ಕೇಳುವುದು ಶುರುವಾಯಿತು. ಗೇಟಿಗೂ ಬಲಸುತ್ತು, ಜೀಪಿನ ಮಡ್‌ಗಾರ್ಡಿಗೂ ಬಲಸುತ್ತು. ಒಬ್ಬರು ನಾಯಿಗೂಡಿನ ಬಾಗಿಲಿಗೂ ಅದನ್ನೇ ಕೇಳಿದರು. ನಾನು ಪ್ರತಿಯೊಂದನ್ನೂ ತಲೆಕೆಳಗಾಗಿ ಬರೆದು, ಆ ತುದಿಯಿಂದ ಹೊರಟು ಈ ತುದಿಗೆ ಬಂದೆ. ಎಷ್ಟೋ ರಾತ್ರಿ ಕನಸಿನಲ್ಲೂ ಬಲಕ್ಕೇ ತಿರುಗಿದೆ ಎಂದು ಹೆಂಡತಿ ಹೇಳುತ್ತಾಳೆ, ಹೊದಿಕೆಯೆಲ್ಲ ನನಗೇ ಸುತ್ತಿಕೊಳ್ಳುತ್ತಿತ್ತಂತೆ.

ಕೆಲವು ವರ್ಷಗಳ ನಂತರ, ಕಾಫಿಯ ಬೆಲೆ ಪಾತಾಳಕ್ಕೆ ಇಳಿದಿದ್ದ ಕಾಲದಲ್ಲಿ, ಸರೋಜಮ್ಮನವರು ಮತ್ತೆ ಬಂದರು. ಈ ಸಲ ಅವರ ಪಲ್ಪರಿನ ಆಚೆ ಬದಿಯ ಪಕ್ಕೆ ಸವೆದಿತ್ತು. ಬೆಲೆಯಿಲ್ಲದ ವರ್ಷದಲ್ಲಿ ಕೊಳ್ಳುವವರು ಒಂದೊಂದು ಬೀಜವನ್ನೂ ಹೆಕ್ಕಿ ನೋಡುತ್ತಾರೆ. ಕಚ್ಚಿದ ಬೀಜ ಕಂಡರೆ ಚೀಲವನ್ನೇ ಪಕ್ಕಕ್ಕಿಡುತ್ತಾರೆ. “ಹೋದ್ಸಲ ಮಾಡಿ ಕೊಟ್ರಲ್ಲ, ಹಂಗೇ ಒಂದು ಬೇಕು. ಕೆಲ್ಸದವ್ರಿಗೆ ಕೊಡ್ಬೇಕಾದ್ದು ಈ ಚೀಲಗಳಿಂದ್ಲೇ ಬರ್ಬೇಕು” ಎಂದರು. ನಾನು ಒಳಗೊಳಗೇ ಹಿಗ್ಗಿದೆ. ಇಷ್ಟು ವರ್ಷದಲ್ಲಿ ನಾನು ಪಳಗಿದ್ದೆ. ಈ ಸಲ ಗುಜರಿ ಕೊಟ್ಟು ಕಳಿಸುವುದಿಲ್ಲ, ನಿಜವಾದ ಪಕ್ಕೆಯನ್ನೇ ಮಾಡಿಕೊಡುತ್ತೇನೆ ಎಂದುಕೊಂಡೆ. ಬಲಸುತ್ತು ಬರುವಂತೆ ತುದಿಗಳನ್ನು ಬದಲಿಸಿ, ಬೆಂಕಿ ತಿಂದುಹಾಕುವ ಅಂಚಿನ ದಪ್ಪವನ್ನೂ ಲೆಕ್ಕಕ್ಕೆ ತಗೊಂಡು, ನಾಲ್ಕೂ ಕಡೆ ಯಂತ್ರದಲ್ಲೇ ಕತ್ತರಿಸಿದೆ. ಅಂಚಿಗೆ ಅರ ಹಾಕುವ ಅಗತ್ಯವೂ ಬೀಳಲಿಲ್ಲ. ನನ್ನ ಕೆಲಸದಲ್ಲಿ ನನಗೇ ಹೆಮ್ಮೆಯಾದ ದಿನಗಳು ಕಡಿಮೆ, ಅದು ಅಂಥದ್ದೊಂದು ದಿನ.

ಮೂರನೆಯ ದಿನ ಅವರು ಪಕ್ಕೆಯ ಸಮೇತ ವಾಪಸು ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ, ಸಿಪ್ಪೆ ಕಳೆದು ತೊಳೆದ ಒಂದು ಹಿಡಿ ಬೀಜವನ್ನು ಟೇಬಲಿನ ಮೇಲೆ ಹರಡಿದರು. ಅರ್ಧಕ್ಕರ್ಧ ಬೀಜಗಳ ಮೇಲೆ ಉಗುರು ಊರಿದಂಥ ಗಾಯ.

“ಕಚ್ಚಿದೆ” ಎಂದರು. “ಸ್ವಲ್ಪ ಹಣ್ಣು ಹಾಕಿ ನೋಡಿ ನಿಲ್ಲಿಸ್ದೆ, ಇಲ್ದಿದ್ರೆ ಎಲ್ಲ ಹೋಗ್ತಿತ್ತು. ಬೇಜಾರು ಮಾಡ್ಕೋಬೇಡಿ. ಈ ಸಲ ನೀವು ಮನಸ್ಸಿಟ್ಟು ಮಾಡ್ಲಿಲ್ಲ ಅಂತ ಕಾಣುತ್ತೆ.”

ಅಳತೆ ಹಿಡಿದು ನೋಡಿದೆ. ಬಾಗು ತುದಿಗಳಲ್ಲಿ ಒಳಕ್ಕೆ ಮುದುಡಿತ್ತು, ಕಣ್ಣಿಗೆ ಕಾಣುವಷ್ಟಲ್ಲ, ಬೀಜಕ್ಕೆ ತಾಗುವಷ್ಟು. ಸ್ಕ್ರೂ ತಿರುಗಿಸಿ ಸಡಿಲ ಮಾಡೋಣವೆಂದರೆ ಅವರ ಪಲ್ಪರಿನ ಸ್ಕ್ರೂಗಳು ಯಾವ ಕಾಲದಲ್ಲೋ ತುಕ್ಕು ಹಿಡಿದು ಒಂದಾಗಿದ್ದವು. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಕಾರಣ ಹೊಳೆಯಿತು. ಕಿರಿದಾದ ಪಟ್ಟಿಯನ್ನು ಎಲ್ಲ ಕಡೆ ಬೆಂಕಿಯಲ್ಲಿ ಒಂದೇ ಉಸಿರಿಗೆ ಕೊಯ್ದರೆ ಕಾವಿಗೆ ಅದು ಮುದುಡುತ್ತದೆ. ಅಗಲವಾದ ಪ್ಲೇಟಿನಲ್ಲಿ ಬಾಗು ಮಾತ್ರ ಕೊಯ್ದು, ಆರಿದ ಮೇಲೆ ಸುತ್ತ ಬಿಡಿಸಿದರೆ ಮುದುಡುವುದಿಲ್ಲ. ಅಂದರೆ ಅವತ್ತು ನಾನು ಹಸಿವಿನಲ್ಲಿ, ಒಂದಂಕಿ ತಪ್ಪಿಸಿ, ಹಾಳುಮಾಡಿದೆನೆಂದು ಕೂತದ್ದೇ ಸರಿಯಾದ ವಿಧಾನ. ಇದನ್ನು ಸಾಹೇಬರಿಗೆ ಪಟ್ಟಾಗಿ ಕೂತು ವಿವರಿಸಿದೆ. ಸಾಹೇಬರು ಕೊನೆಯ ತನಕ ಕೇಳಿ, “ಹಂಗಾದ್ರೆ ಹೋದ್ಸಲ ಮಾಡಿದಂಗೇ ಮಾಡಿಬಿಡಿ” ಎಂದರು.

ಹಳೆಯ ಪ್ರೋಗ್ರಾಮ್ ಕಂಟ್ರೋಲರಿನ ನೆನಪಿನಲ್ಲಿ ಹಾಗೇ ಇತ್ತು. ಅಳಿಸುವ ವಿಧಾನ ನನಗೆ ಗೊತ್ತಿರಲಿಲ್ಲ. ಅದನ್ನು ಕರೆದು, ತಪ್ಪಿದ್ದ ಅಂಕಿ ತಪ್ಪಾಗಿಯೇ ಇದೆಯೇ ಎಂದು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಓಡಿಸಿದೆ. ಅದೇ ಹೊಟ್ಟೆ ಉಬ್ಬಿದ ತುಂಡು ಕೆಳಗೆ ಬಿತ್ತು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಉಳಿದ ಪ್ಲೇಟು ಆರಿದ ಮೇಲೆ ಸಾಹೇಬರು ಸುಣ್ಣದ ಗೆರೆ ಎಳೆದು ಬಿಡಿಸಿಕೊಟ್ಟರು. ಸರೋಜಮ್ಮನವರು ಆ ಪಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಬಾಗಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಅವರ ಮುಖ ಸಡಿಲವಾಯಿತು.

“ನೋಡಿ, ಇದು ನಿಮ್ಮ ಕೈಯಲ್ಲಾದದ್ದು” ಎಂದರು. “ಮುಟ್ಟಿದ್ರೇ ಗೊತ್ತಾಗುತ್ತೆ.”

ನಾನು ಹೂಂ ಎಂದೆ. ನನ್ನ ಕೈಯಲ್ಲಿ ಅವರು ವಾಪಸು ತಂದಿದ್ದ ಪಕ್ಕೆಯಿತ್ತು, ತುದಿ ಬದಲಿಸಿ, ಬೆಂಕಿಯ ದಪ್ಪ ಕಳೆದು, ನಾಲ್ಕೂ ಕಡೆ ಕನ್ನಡಿಯಂತೆ ಕೊಯ್ದದ್ದು. ಎಲ್ಲಿಡುವುದೆಂದು ತೋಚದೆ ಹಿಡಿದುಕೊಂಡೇ ನಿಂತಿದ್ದೆ.

“ಅದನ್ನೇನ್ಮಾಡ್ತೀರಿ, ಗುಜರಿಗಾ?” ಎಂದು ಕೇಳಿದರು ಸರೋಜಮ್ಮ. “ಬಚ್ಚಲೊಲೇಲಿ ಹಂಡೆ ಒಂದ್ಕಡೆ ವಾಲ್ತಾ ಉಂಟು. ಅಡೀಲಿ ಒತ್ತು ಕೊಡೋಕೆ ಆಗುತ್ತೆ, ಕೊಡಿ.”

ಅಂಚು ಹರಿತವಾಗಿತ್ತು, ಚೀಲ ಹರಿದೀತೆಂದು ಪೇಪರ್ ಸುತ್ತಿ ಕೊಟ್ಟೆ.